ಕೆಟ್ಟದ್ದು ಬರೆದುಕೊಳ್ಳುವ ಕೆಲಸ

ನನ್ನ ಕೆಲಸ ಏನೆಂದು ಕೇಳಿದವರಿಗೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಬೇರೆಯವರ ಕಾರ್ಖಾನೆಗೆ, ಬೆಲ್ಲದ ಗಾಣಕ್ಕೆ, ಮಗ್ಗದ ಶೆಡ್ಡಿಗೆ ಹೋಗಿ, 'ಇಲ್ಲಿ ಏನೇನು ಕೆಟ್ಟದ್ದು ಆಗಬಹುದು? ಆದರೆ ಎಷ್ಟು ಕೆಟ್ಟದ್ದು ಆಗಬಹುದು? ಆಗದಂತೆ ಏನು ಮಾಡಿದ್ದೀರಿ?' ಎಂದು ಕೇಳಿ ಬರೆದುಕೊಂಡು ಬರುವುದು. ಅದಕ್ಕೆ ಅಪಾಯದ ಅಂದಾಜು ಎಂದು ಹೆಸರು. ಮನೆಯಲ್ಲಿ ಅಕ್ಕಿ ಇಲ್ಲ ಎಂದು ಬಾಯಿಬಿಟ್ಟು ಹೇಳಲೂ ಹಿಂದೆಮುಂದೆ ನೋಡುವ ನಮ್ಮ ಜಮಖಂಡಿ, ಮುಧೋಳದ ಸೀಮೆಯಲ್ಲಿ ಇಂಥ ಪ್ರಶ್ನೆ ಕೇಳಿಕೊಂಡು ಸ್ಕೂಟಿಯ ಮೇಲೆ ತಿರುಗುವ ಹೆಂಗಸಿಗೆ ನಗೆಪಾಟಲಾಗುವ ಪ್ರಸಂಗಗಳಿಗೇನು ಬರವೇ? ಒಂದು ವಾರ ಏನೂ ಆಗದಿದ್ದರೆ ನನಗೇ ಏನೋ ಕಳೆದುಕೊಂಡಂತೆ ಅನಿಸುತ್ತದೆ. ನಮ್ಮವ್ವ ಮಾತ್ರ ಇಂದಿಗೂ ನೆರೆಮನೆಯವರಿಗೆ, "ನಮ್ಮಾಕಿ ಫ್ಯಾಕ್ಟರ್‍ಯಾಗ ಲೆಕ್ಕಾ ಬರೀತಾಳ" ಎಂದು ಸುಳ್ಳು ಹೇಳಿಕೊಂಡು ಬರುತ್ತಿದ್ದಾಳೆ.

ಇಲ್ಲಿ ಹೇಳುವುದೆಲ್ಲ ಹೋದ ಬೇಸಿಗೆಯಲ್ಲಿ ನಡೆದದ್ದು. ಆ ಬೇಸಿಗೆಯಲ್ಲಿ ನನಗೆ ಒಂದೇ ಚಿಂತೆ ಇತ್ತು. ಬನಹಟ್ಟಿಯಲ್ಲಿರುವ ನಮ್ಮ ಅಕ್ಕನ ಗಂಡನಿಗೆ, ಅಂದರೆ ನಮ್ಮ ಮಾಮಾನಿಗೆ, ಬೆಂಗಳೂರಿನ ಒಂದು ದೊಡ್ಡ ಬಟ್ಟೆ ಕಂಪನಿಯಿಂದ ವರ್ಷಪೂರ್ತಿ ಪವರ್‌ಲೂಮ್ ಓಡಿಸುವಷ್ಟು ಆರ್ಡರ್ ಬರುವುದಿತ್ತು. ಆದರೆ ಕಂಪನಿಯವರದೊಂದು ಷರತ್ತು: ಶೆಡ್ಡಿನ ಅಪಾಯದ ಅಂದಾಜು ಬರೆಸಿರಬೇಕು, ತಮ್ಮ ಮನುಷ್ಯ ಬಂದು ನೋಡಿ ಪಾಸು ಮಾಡಬೇಕು. ಪಾಸಾಗದಿದ್ದರೆ ಆರ್ಡರ್ ಇಲ್ಲ. ಆರ್ಡರ್ ಇಲ್ಲದಿದ್ದರೆ ಮಗ್ಗಗಳನ್ನು ಗುಜರಿಗೆ ಹಾಕಿ ಮಾಮಾ ಇನ್ನೊಬ್ಬರ ಶೆಡ್ಡಿನಲ್ಲಿ ಕೂಲಿಗೆ ನಿಲ್ಲಬೇಕು. ಅಕ್ಕ ಫೋನಿನಲ್ಲಿ ಅಳುವುದಿಲ್ಲ, ಸುಮ್ಮನಾಗಿಬಿಡುತ್ತಾಳೆ. ಅದಕ್ಕಿಂತ ಅತ್ತಿದ್ದರೇ ಚೆನ್ನಾಗಿತ್ತು.

೧. ಬಿಡ್ತು

ಮೊದಲು ಹೋದದ್ದು ಮುಧೋಳದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಗೆ. ಬಾಯ್ಲರ್ ನೋಡಿಕೊಳ್ಳುವ ಹಿರಿಯರೊಬ್ಬರನ್ನು ನನ್ನ ಜೊತೆ ಮಾಡಿಕೊಟ್ಟರು. ಬರೆಯುವ ಬದಲು ಮೊಬೈಲಿಗೆ ಹೇಳಿದರೆ ಅದೇ ಅಕ್ಷರ ಮೂಡಿಸುತ್ತದೆ ಎಂದು ಯಾರೋ ಕಲಿಸಿದ್ದರು. ಮೊಬೈಲ್ ಬಾಯಿಗೆ ಹಿಡಿದುಕೊಂಡೇ ಶುರು ಮಾಡಿದೆ.

"ಕಾಕಾ, ಈ ಬಾಯ್ಲರ್ ಒಡದ್ರ ಏನಾಗತೈತಿ?"

ಕಾಕಾ ಎರಡೂ ಕೈಯಿಂದ ಗಲ್ಲ ಬಡಿದುಕೊಂಡರು. "ಮುಂಜಮುಂಜಾನೆ ಎಂಥಾ ಮಾತ ತಂಗಿ? ಮೊದಲ ಬಿಡ್ತು ಅನ್ನು."

"ಬಿಡ್ತು" ಅಂದೆ. ಕಾಕಾ ಸಮಾಧಾನವಾಗಿ ಉತ್ತರ ಹೇಳಿದರು. ಕಬ್ಬು ಸಾಗಿಸುವ ಪಟ್ಟಿಗೆ ಕೈ ಸಿಕ್ಕರೆ? "ಬಿಡ್ತು ಅನ್ನು." ಬಿಡ್ತು. ಮೇಲಿನ ಏಣಿಯಿಂದ ಯಾರಾದರೂ ಬಿದ್ದರೆ? "ಬಿಡ್ತು ಅನ್ನು." ಬಿಡ್ತು. ಅನ್ನದಿದ್ದರೆ ಆಸಾಮಿ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಬಾಯಿಗೆ ಅದೇ ರೂಢಿಯಾಗಿ, ಕ್ಯಾಂಟೀನಿನಲ್ಲಿ ಚಹಾ ಬೇಕೇ ಎಂದರೂ ಬಿಡ್ತು ಅನ್ನುವ ಹಂತಕ್ಕೆ ಬಂದಿದ್ದೆ.

ಮೊಬೈಲು ನಿಷ್ಠೆಯಿಂದ ಎಲ್ಲವನ್ನೂ ಬರೆದುಕೊಂಡಿತ್ತು. ನಾನೂ ಅವಸರದಲ್ಲಿ ಹಾಗೆಯೇ ಕಳಿಸಿಬಿಟ್ಟೆ. 'ಅಪಾಯ: ಬಾಯ್ಲರ್ ಒಡೆಯುವುದು. ಬಿಡ್ತು. ಅಪಾಯ: ಕೈ ಸಿಕ್ಕುವುದು. ಬಿಡ್ತು.' ಹೀಗೆ ಮೊದಲಿನಿಂದ ಕೊನೆಯವರೆಗೆ.

ಮರುದಿನ ಮ್ಯಾನೇಜರ್ ಕರೆದರು. ಸೋಲಾಪುರದ ಕಡೆಯವರು, ಕನ್ನಡ ಆಗಷ್ಟೇ ಹಿಡಿತಕ್ಕೆ ಬರುತ್ತಿತ್ತು. ಪಟ್ಟಿ ನೋಡಿ ಬಹಳ ಸಂತೋಷದಲ್ಲಿದ್ದರು.

"ಛಲೋ ಬರದೀರಿ ಮ್ಯಾಡಮ್. ಎಲ್ಲಾ ಅಪಾಯಕ್ಕೂ ಒಂದ ಉಪಾಯ ಹೇಳೀರಿ. ಈ ಬಿಡ್ತು ಅನ್ನೋ ಸಾಮಾನ ಎಲ್ಲಿ ಸಿಗತದ? ಪ್ರತಿಯೊಬ್ಬಂಗೂ ಒಂದೊಂದು ತರಸಿಬಿಡೂಣು."

೨. ಇಪ್ಪತ್ತೈದಕ್ಕೆ ಇಪ್ಪತ್ತೈದು

ಅಲ್ಲಿಂದ ಹಿಪ್ಪರಗಿಯ ಕಡೆ ಎರಡು ಬೆಲ್ಲದ ಗಾಣಗಳಿಗೆ ಹೋದೆ. ಒಂದರ ಬೆನ್ನಿಗೊಂದು ಇವೆ, ಮಾಲೀಕರಿಬ್ಬರ ನಡುವೆ ಮಾತಿಲ್ಲ.

ನಮ್ಮ ಲೆಕ್ಕ ಸರಳ. ಅಪಾಯ ಆಗುವ ಸಂಭವಕ್ಕೆ ಒಂದರಿಂದ ಐದು, ಆದರೆ ಎಷ್ಟು ದೊಡ್ಡದು ಎನ್ನುವುದಕ್ಕೆ ಒಂದರಿಂದ ಐದು. ಎರಡನ್ನೂ ಗುಣಿಸಬೇಕು. ಹೆಚ್ಚು ಬಂದಷ್ಟೂ ಜಾಗ ಕೆಟ್ಟದ್ದು. ಇದನ್ನು ನಾನು ಎರಡನೆಯ ಗಾಣದ ಮಾಲೀಕನಿಗೆ ಬಿಡಿಸಿ ಹೇಳುವಾಗ ಆತ ಫೋನಿನಲ್ಲಿ ಟ್ರ್ಯಾಕ್ಟರಿನವನನ್ನು ಬೈಯುತ್ತಿದ್ದ. ಆತನ ಗಾಣದಲ್ಲಿ ಕುದಿಯುವ ಕೊಪ್ಪರಿಗೆಯ ಸುತ್ತ ಕಟಕಟೆ ಇರಲಿಲ್ಲ, ನೆಲದ ಮೇಲೆ ಕಬ್ಬಿನ ಹಾಲು ಚೆಲ್ಲಿ ಜಾರುತ್ತಿತ್ತು, ವೈರುಗಳಂತೂ ಜೋತುಬಿದ್ದಿದ್ದವು. ಎದೆ ಗಟ್ಟಿ ಮಾಡಿಕೊಂಡು ಇಪ್ಪತ್ತೈದು ಬರೆದೆ.

ಆತ ಫೋನು ಇಟ್ಟು ಇಣುಕಿ ನೋಡಿದ. "ಎಷ್ಟಕ್ಕರಿ ಇಪ್ಪತ್ತೈದು?"

"ಇಪ್ಪತ್ತೈದಕ್ಕ."

"ಬಾಜೂದವಂಗ ಎಷ್ಟ ಬಿತ್ತರಿ?"

"ಆರು."

ಆತನ ಮುಖ ಅರಳಿತು. "ಅಷ್ಟ ಬೀಳಬೇಕ ಅವಂಗ. ನೀವು ಭಾಳ ನಿಯತ್ತಿನವ್ರು ಮ್ಯಾಡಮ್ಮಾರ" ಎಂದು ಕೈಮುಗಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಫೋನು ಬಂತು, ಆತ ಹೊರಗೆ ಹೋದ. ಮಾಡಬೇಕಾದ ದುರಸ್ತಿಗಳನ್ನೆಲ್ಲ ಬರೆದು ಮುನೀಮನ ಕೈಗೆ ಕೊಟ್ಟು ಬಂದೆ.

ಮೂರ್ನಾಲ್ಕು ದಿನ ಬಿಟ್ಟು ಆ ದಾರಿಯಲ್ಲಿ ಹೋಗುವಾಗ ಸ್ಕೂಟಿ ತಾನಾಗಿ ನಿಂತಿತು. ಗಾಣದ ಮುಂದೆ ಆಳೆತ್ತರದ ಫ್ಲೆಕ್ಸು. ಮಾಲೀಕ ಕೈಮುಗಿದು ನಿಂತ ಫೋಟೊ, ಕೆಳಗೆ ದಪ್ಪ ಅಕ್ಷರ: 'ಸುರಕ್ಷತೆಯಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೈದು. ತಾಲೂಕಿಗೇ ಪ್ರಥಮ.' ನಾನು ತಲೆ ಮೇಲೆ ಕೈ ಹೊತ್ತು ನಿಂತಿರುವಾಗಲೇ ಪಕ್ಕದ ಗಾಣದವನು ಓಡಿ ಬಂದ. ಕಟಕಟೆ ಕಟ್ಟಿಸಿ, ನೆಲ ತೊಳೆಸಿ, ಎಲ್ಲ ಅಚ್ಚುಕಟ್ಟಾಗಿ ಇಟ್ಟುಕೊಂಡವನು. ಕಣ್ಣು ಕೆಂಪಾಗಿದ್ದವು.

"ಮ್ಯಾಡಮ್ಮಾರ, ಎಷ್ಟ ಫೀ ಆದ್ರೂ ಆಗಲಿ, ನಾ ಕಟ್ತೇನಿ. ನಂದು ಪೇಪರ ತಗಸಿ ಇನ್ನೊಮ್ಮೆ ತಿದ್ದಸ್ರಿ."

೩. ಸ್ವಲ್ಪದರಲ್ಲಿ ತಪ್ಪಿದ್ದು

ಮಾಮಾನ ಫೋನು ದಿನವೂ ಬರುತ್ತಿತ್ತು. "ಏನವಾ, ಊರ ಮಂದೀದೆಲ್ಲಾ ಬರದಿ, ನಮ್ಮದು ಯಾವಾಗ? ಆ ಬೆಂಗಳೂರವ ಬಂದ್ರ ಏನ್ ತೋರಸಲಿ, ನನ್ನ ಮಾರಿನ?" ಬೀಳಗಿಯ ಕಡೆ ಒಂದು ಜಲ್ಲಿ ಕ್ರಷರಿನ ಕೆಲಸ ಒಪ್ಪಿಕೊಂಡಿದ್ದೆ, ಅದು ಮುಗಿದ ಕೂಡಲೇ ಬರುತ್ತೇನೆ ಅಂದೆ.

ಕ್ರಷರಿನಲ್ಲಿ ಒಂದು ಡಬ್ಬಿ ಇಡಿಸಿದ್ದೆ. ಅಪಘಾತ ಆಗಿಯೇಬಿಡಬೇಕೆಂದು ಕಾಯಬಾರದು, ಆಗುವಂತಿದ್ದು ಕೂದಲೆಳೆಯಲ್ಲಿ ತಪ್ಪಿದ್ದನ್ನೂ ಬರೆದಿಡಬೇಕು ಎಂಬುದು ನಿಯಮ. ಡಬ್ಬಿಯ ಮೇಲೆ ನಾನೇ ಬರೆದಿದ್ದೆ: 'ಸ್ವಲ್ಪದರಲ್ಲಿ ತಪ್ಪಿದ್ದನ್ನು ಬರೆದು ಹಾಕಿರಿ. ಹೆಸರು ಬೇಡ.'

ಹೋಗಿ ನೋಡಿದರೆ ಡಬ್ಬಿ ತುಂಬಿ ತುಳುಕುತ್ತಿತ್ತು. ಇಷ್ಟು ಜಾಗೃತಿ ಎಲ್ಲೂ ಕಂಡಿಲ್ಲ ಎಂದು ಮಾಲೀಕನನ್ನು ಹೊಗಳಿ, ಆಫೀಸಿನಲ್ಲಿ ಕುರ್ಚಿ ಹಾಕಿಸಿಕೊಂಡು ಜೋರಾಗಿ ಓದತೊಡಗಿದೆ.

'ಪಿಯುಸಿ ಇಂಗ್ಲಿಷ್, ಎರಡು ಮಾರ್ಕಿನಾಗ ತಪ್ಪಿತು.'

'ಪಂಚಾಯತಿ ಮೆಂಬರಗಿರಿ, ಐದು ಓಟಿನಾಗ ತಪ್ಪಿತು. ಕೈ ಕೊಟ್ಟವರು ಯಾರು ಅಂತ ಗೊತ್ತೈತಿ.'

'ಸಾವಳಗಿ ಹುಡುಗಿ. ಎಲ್ಲಾ ಕೂಡಿ ಬಂದಿತ್ತು. ಸೋದರಮಾವ ಬಂದು ತಪ್ಪಿಸಿದ.'

ಕಿಟಕಿಯ ಹೊರಗೆ ನಿಂತಿದ್ದ ಕೆಲಸಗಾರರು ಯಾರದು ಯಾವುದು ಎಂದು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು. ಸಾವಳಗಿಯ ಹುಡುಗಿಯ ಚೀಟಿಗೆ ಮಾತ್ರ ಎಲ್ಲರೂ ಅಯ್ಯೋ ಪಾಪ ಅಂದರು. ನನಗೆ ರೇಗಿತು. ಒಬ್ಬರಾದರೂ ಕೆಲಸಕ್ಕೆ ಬರುವಂಥದ್ದು ಬರೆಯಬಾರದೇ ಎಂದು ಬೈದು, ಸಿಟ್ಟಿನಿಂದ ಹಿಂದಕ್ಕೆ ಒರಗಿ ಕೊನೆಯ ಚೀಟಿ ಬಿಡಿಸಿದೆ.

ಅದರಲ್ಲಿ ಕೆಲಸಕ್ಕೆ ಬರುವಂಥದ್ದೇ ಇತ್ತು: 'ಆಫೀಸಿನಾಗಿನ ಕುರ್ಚಿ ಕಾಲು ಸಡಲೇತಿ. ಇನ್ನೂ ಯಾರೂ ಬಿದ್ದಿಲ್ಲ.' ಆ ಚೀಟಿಯನ್ನು ನಾನು ಓದಿದ್ದು ನೆಲದ ಮೇಲೆ ಕೂತು.

೪. ದೊಡ್ಡದು ಮಾಡುವುದು

ಅಂತೂ ಬನಹಟ್ಟಿಗೆ ಹೋದೆ. ಶೆಡ್ಡೆಲ್ಲ ಸುತ್ತಿ ಬರೆದೆ. ಬೆಲ್ಟಿಗೆ ಜಾಳಿಗೆ ಹಾಕಿಸಿದೆ, ವೈರು ಬದಲಿಸಿದೆ, ಬೆಂಕಿ ಆರಿಸುವ ಹೊಸ ಸಿಲಿಂಡರ್ ತರಿಸಿ ಅದನ್ನು ಹೇಗೆ ಹಿಡಿಯಬೇಕೆಂದು ಮಾಮಾನಿಗೆ ಕಲಿಸಿದೆ. ಕೊನೆಗೆ ಒಂದೇ ಮಾತು ಹೇಳಿದೆ: "ಅವರು ಕೇಳಿದ್ದಕ್ಕಷ್ಟ ಉತ್ತರಾ ಕೊಡು ಮಾಮಾ. ಖರೇ ಹೇಳು. ಹೆಚ್ಚಿಗಿ ಮಾತ ಬ್ಯಾಡ."

ಕಂಪನಿಯಿಂದ ಬಂದ ಆಡಿಟರ್ ಕಟ್ಟುನಿಟ್ಟಿನ ಮನುಷ್ಯ. ಕನ್ನಡದವರೇ, ಆದರೆ ಮೈಸೂರಿನ ಕಡೆಯ ಕನ್ನಡ. ಶೆಡ್ಡಿನೊಳಗೆ ಕಾಲಿಡುತ್ತಲೇ ನನ್ನ ಕಡೆ ತಿರುಗಿ, "ಮೇಡಂ, ನೀವು ಮಾತಾಡ್ಬೇಡಿ. ಅವರೇ ಹೇಳಲಿ" ಅಂದರು. ಮಾಮಾ ಇಸ್ತ್ರಿ ಅಂಗಿ ಹಾಕಿಕೊಂಡು ಕೈಕಟ್ಟಿ ನಿಂತಿದ್ದ. ಬಾಗಿಲ ಹಿಂದೆ ಅಕ್ಕ ನಿಂತಿದ್ದಳು.

ಮೊದಲ ಮಗ್ಗದ ಪಕ್ಕದ ಗೂಡಿನಲ್ಲಿ ದೇವರ ಫೋಟೊ, ಅದರ ಮುಂದೆ ದೀಪ. ಅಕ್ಕನ ಅತ್ತೆ ಆಗಷ್ಟೇ ಪೂಜೆ ಮಾಡಿ ಅಲ್ಲೇ ಕೂತಿದ್ದರು. ಆಡಿಟರ್ ಹುಬ್ಬು ಗಂಟಿಕ್ಕಿದರು.

"ಇಷ್ಟು ಹತ್ತಿ ಧೂಳು ಹಾರುತ್ತೆ, ಇಲ್ಲೇ ದೀಪ. ಮಗ್ಗ ಶುರು ಮಾಡೋ ಮುಂಚೆ ಈ ದೀಪ ಏನ್ ಮಾಡ್ತೀರಿ?"

ಮಾಮಾ ಹೆಮ್ಮೆಯಿಂದ, "ದೊಡ್ಡದ ಮಾಡ್ತೇವ್ರಿ" ಅಂದ.

ಅವರ ಪೆನ್ನು ನಿಂತಿತು. "ದೊಡ್ಡದು ಮಾಡ್ತೀರಾ?"

"ಹೌದ್ರಿ, ತಪ್ಪದಂಗ. ದೊಡ್ಡದ ಮಾಡದ ಒಂದ ಮಗ್ಗಾನೂ ಸುರು ಮಾಡಂಗಿಲ್ರಿ."

"ಅಕಸ್ಮಾತ್ ಮರೆತರೆ?"

"ಮಗ್ಗಾ ನಿಲ್ಲಿಸಿ, ಓಡಿ ಬಂದು ದೊಡ್ಡದ ಮಾಡ್ತೇವ್ರಿ. ಧೂಳದಾಗ ಸಣ್ಣ ದೀಪಾನೂ ಇಡಬಾರದರಿ."

ಆಡಿಟರ್ ಎರಡು ಹೆಜ್ಜೆ ಬಾಗಿಲ ಕಡೆ ಸರಿದರು. ಬೈದರೆ ಬೈಯಲಿ ಎಂದು ನಾನು ಬಾಯಿ ಹಾಕಿದೆ. ಸರ್, ನಮ್ಮಲ್ಲಿ ದೀಪ ಆರಿಸು ಅನ್ನುವುದಿಲ್ಲ, ಅದು ಕೆಟ್ಟ ಮಾತು, ದೊಡ್ಡದು ಮಾಡು ಅಂದರೇ ಆರಿಸು ಎಂದರ್ಥ ಅಂದೆ. ನಿಮ್ಮ ಸಂಬಂಧಿಕರೆಂದು ಹೀಗೆ ಹೇಳುತ್ತೀರಿ ಅಂದರು. ಕೊನೆಗೆ ಅತ್ತೆಯ ಕಡೆ ತಿರುಗಿ, "ಎಲ್ಲಿ ಅಮ್ಮಾ, ದೊಡ್ಡದು ಮಾಡಿ ನೋಡೋಣ" ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು.

"ಅಂಜಬ್ಯಾಡೋ ತಮ್ಮಾ" ಎಂದು ಅತ್ತೆ ಒಂದು ಹೂವಿನಿಂದ ಬತ್ತಿ ಒತ್ತಿದರು. ಹೊಗೆ ಎದ್ದಿತು. "ದೊಡ್ಡದಾತ ನೋಡಪಾ."

ಆಡಿಟರಿಗೆ ನಗು ಬಂತು. ಒಳ್ಳೆಯವರೇ. ಇಂಥವು ಇನ್ನೂ ಏನೇನಿವೆ ಹೇಳಿ ಎಂದು ಆಸಕ್ತಿಯಿಂದ ಕೇಳಿದರು. ನಾನೂ ಉಮೇದಿಯಲ್ಲಿ ಹೇಳಿದೆ: ಅಕ್ಕಿ ತೀರಿದರೆ ಖಾಲಿ ಅನ್ನುವುದಿಲ್ಲ, ಹೆಚ್ಚಾತು ಅನ್ನುತ್ತೇವೆ. ಬಳೆ ಒಡೆದರೂ ಹೆಚ್ಚಿದವು. ಅವರು ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡರು. ಅಷ್ಟು ಚೆನ್ನಾಗಿ ಕಲಿಸಬಾರದಿತ್ತು.

ಮುಂದಿನದು ಸಿಲಿಂಡರ್. ಅದು ಹೊಸದೆಂದು ಅತ್ತೆ ಅದಕ್ಕೂ ಪೂಜೆ ಮಾಡಿದ್ದರು. ಮೈಗೆ ವಿಭೂತಿ, ಒತ್ತಡ ತೋರಿಸುವ ಮುಳ್ಳಿನ ಗಾಜಿನ ಮೇಲೆ ಕೈತುಂಬ ಕುಂಕುಮ. ತುಂಬಿದ್ದರೆ ಮುಳ್ಳು ಹಸಿರಿನಲ್ಲಿ, ಖಾಲಿಯಾದರೆ ಕೆಂಪಿನಲ್ಲಿ ಇರುತ್ತದೆ; ನೋಡಲು ಹೋದರೆ ಎಲ್ಲವೂ ಕೆಂಪೇ.

"ಇದರಲ್ಲಿ ಬೆಂಕಿ ಆರಿಸೋ ಪುಡಿ ಇದೆಯೇನ್ರೀ?"

"ಬೇಕಾದಕ್ಕಿಂತ ಹೆಚ್ಚ ಐತ್ರಿ!" ಅಂದ ಮಾಮಾ.

ಆಡಿಟರ್ ನನ್ನ ಕಡೆ ನೋಡಿ, ಅರ್ಥವಾಯಿತು ಎನ್ನುವಂತೆ ಕಣ್ಣು ಮಿಟುಕಿಸಿ, 'ಖಾಲಿ' ಎಂದು ಬರೆದರು.

"ಅಲ್ರೀ ಸಾಹೇಬ್ರ, ಖರೇನ ಹೆಚ್ಚ ಐತ್ರಿ!"

"ಗೊತ್ತಾಯ್ತು ಬಿಡಿ. ನಿಮ್ಮ ಬಾಯಲ್ಲಿ ಹೇಗೆ ಬರುತ್ತೆ ಪಾಪ."

"ಸರ್, ಇದು ಆ ಹೆಚ್ಚು ಅಲ್ಲ" ಎಂದು ನಾನು ಶುರು ಮಾಡಿದೆ. "ಮೇಡಂ, ನೀವೇ ಕಲಿಸಿದ್ದಲ್ವಾ?" ಅಂದರು. ಬೆಂಕಿ ಆರಿಸುವ ಸಾಧನ ಖಾಲಿ ಎಂದರೆ ಶೆಡ್ಡು ನಪಾಸು, ಬೇರೆ ಮಾತೇ ಇಲ್ಲ. ಬಾಗಿಲ ಹಿಂದೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಮಾಮಾ ಒಮ್ಮೆ ಅಕ್ಕನ ಕಡೆ, ಒಮ್ಮೆ ತನ್ನ ಮಗ್ಗಗಳ ಕಡೆ ನೋಡಿದ. ಸಿಲಿಂಡರನ್ನು ಗೋಡೆಯಿಂದ ಕಿತ್ತ. ನಾನು ಕಲಿಸಿದ್ದನ್ನು ಒಂದೂ ತಪ್ಪದೆ ಮಾಡಿದ: ಪಿನ್ನು ಎಳೆದ, ಗಟ್ಟಿಯಾಗಿ ಹಿಡಿದ, ಪೂರ್ತಿ ಒತ್ತಿದ. ಯಾರ ಕಡೆ ಹಿಡಿದಿದ್ದೇನೆ ಎಂಬುದನ್ನು ಮಾತ್ರ ನೋಡಿಕೊಳ್ಳಲಿಲ್ಲ.

ಶೆಡ್ಡೆಲ್ಲ ಬೆಳ್ಳಗಾಯಿತು. ಸ್ವಲ್ಪ ಹೊತ್ತಿಗೆ ಆ ಬಿಳುಪಿನೊಳಗಿಂದ ಸೀನು ಕೇಳಿಸಿತು, ಆಮೇಲೆ ಆಡಿಟರ್ ಕಾಣಿಸಿದರು. ರೆಪ್ಪೆಯಿಂದ ಬೂಟಿನವರೆಗೆ ಪುಡಿ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೊಮ್ಮೆ ಸೀನಿದರು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಒಪ್ಪಿಕೊಂಡೆ ಮಾರಾಯರೇ! ಪಾಸು. ಶೆಡ್ಡು ಪಾಸು, ಆರ್ಡರ್ ನಿಮ್ಮದೇ."

ಅಕ್ಕ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತೇಬಿಟ್ಟಳು. ನನಗೂ ಕಣ್ಣು ತುಂಬಿ ಬಂತು. ಆಡಿಟರ್ ಕಾಗದದ ಮೇಲಿನ ಪುಡಿ ಊದಿ, 'ಖಾಲಿ' ಎಂಬುದನ್ನು ಹೊಡೆದುಹಾಕಿ, 'ತುಂಬಿದೆ' ಎಂದು ಬರೆಯತೊಡಗಿದರು. ಖರೇ ಹೇಳು ಅಂದಿದ್ದೆನಲ್ಲ, ಮಾಮಾನಿಗೆ ತಡೆಯಲಾಗಲಿಲ್ಲ. ಸಿಲಿಂಡರನ್ನು ಅವರ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮೆಲ್ಲಗೆ ಅಂದ:

"ಹಂಗ ಬರೀಬ್ಯಾಡ್ರಿ ಸಾಹೇಬ್ರ. ಈಗ ಹೆಚ್ಚಾತ್ರಿ."