ಹಾಸಿಗೆ ಹಿಡಿದ ಲ್ಯಾಪ್‌ಟಾಪ್

ಅನುಮಾನದ ಮನುಷ್ಯರನ್ನು ಕಂಡರೆ ಜನಕ್ಕೆ ಆಗುವುದಿಲ್ಲ. ಆದರೆ ಅದರ ಹಿಂದಿರುವ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಂಬುವವನಿಗೇನು, ಕೂತಲ್ಲೇ ಕೂತು ಕಾಫಿ ಕುಡಿಯುತ್ತ ನಂಬಬಹುದು. ಅನುಮಾನ ಪಡುವವನು ಎದ್ದು ಓಡಾಡಬೇಕು, ಬಗ್ಗಿ ನೋಡಬೇಕು, ಕದದ ಸಂದಿಯಲ್ಲಿ ಕಿವಿ ಇಡಬೇಕು, ಕೊನೆಗೆ ಏನೂ ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂದು ಇನ್ನೊಂದು ಸುತ್ತು ಯೋಚಿಸಬೇಕು. ನನ್ನ ಮಟ್ಟಿಗೆ ಇದು ಹುಟ್ಟುಗುಣವಲ್ಲ, ಕಸುಬಿನಿಂದ ಬಂದದ್ದು. ನಂದಿದುರ್ಗ ಚಿನ್ನದ ಗಣಿಯ ಗೇಟಿನಲ್ಲಿ ನಾನು ತಪಾಸಣೆಯ ಕೆಲಸದಲ್ಲಿದ್ದೆ. ಪಾಳಿ ಮುಗಿಸಿ ಭೂಮಿಯೊಳಗಿಂದ ಎದ್ದು ಬಂದವರು ನನ್ನ ಮುಂದೆ ಕೈ ಎತ್ತಿ ನಿಲ್ಲಬೇಕು. ನಾನು ಅವರ ಜೇಬು, ಬೂಟು, ಊಟದ ಡಬ್ಬಿ, ರುಮಾಲಿನ ಮಡಿಕೆ ಎಲ್ಲ ತಡವಿ ಚಿನ್ನದ ಚೂರೇನಾದರೂ ಇದೆಯೇ ಎಂದು ನೋಡಬೇಕು. ಅಷ್ಟು ವರ್ಷಗಳಲ್ಲಿ ನನ್ನ ಕೈಗೆ ಸಿಕ್ಕಿದ್ದು ಹೆಚ್ಚಾಗಿ ಉಪ್ಪಿನಕಾಯಿ ಹೋಳು ಮತ್ತು ಬೀಡಿ. ಆದರೂ ಕೈಗೆ ರೂಢಿ ಬಿದ್ದುಹೋಯಿತು. ಸಂತೆಯಿಂದ ಬಂದ ಬದನೆಕಾಯಿಯನ್ನೂ ನಾನು ಸುಮ್ಮನೆ ಒಳಗೆ ಬಿಟ್ಟವನಲ್ಲ.

ಇಂಥ ನಾನು ಒಂದು ಹಳೆಯ ಲ್ಯಾಪ್‌ಟಾಪನ್ನು, ಅದೂ ಪಾಲುದಾರಿಕೆಯಲ್ಲಿ ಕೊಂಡೆ ಎಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗಣಿ ಇವತ್ತು ಮುಚ್ಚುತ್ತದೆ, ನಾಳೆ ಮುಚ್ಚುತ್ತದೆ ಎಂಬ ಮಾತು ಟೀ ಅಂಗಡಿಯ ಬೆಂಚಿನ ಮೇಲೆ ದಿನವೂ ಕೂತಿರುತ್ತಿತ್ತು. ಗಣಿಯೇ ಇಲ್ಲದ ಮೇಲೆ ಗೇಟು ಯಾಕೆ, ಗೇಟಿಲ್ಲದ ಮೇಲೆ ನಾನು ಯಾಕೆ ಎಂದು ನಾನೂ ಲೆಕ್ಕ ಹಾಕುತ್ತಿದ್ದೆ. ಆಗ ಬಂದವನು ನನ್ನ ಹೆಂಡತಿ ಜಯಮ್ಮನ ತಮ್ಮ ಮುನಿರಾಜು. ಕ್ಯಾಸಂಬಳ್ಳಿಯಲ್ಲಿ ಹೊಲ, ಹಸು, ಹಳ್ಳಿಯ ಹಾಲಿನ ಸೊಸೈಟಿಯ ಲೆಕ್ಕ ಬರೆಯುವ ಕೆಲಸ ಇಟ್ಟುಕೊಂಡಿದ್ದವನು. "ಬಾವ, ಇನ್ಮ್ಯಾಕೆ ಎಲ್ಲಾ ಕಂಪ್ಯೂಟ್ರೇ. ಅರ್ಜಿ, ಮದ್ವೆ ಕಾರ್ಡು, ಲೆಕ್ಕ ಎಲ್ಲಾನೂ ಅದ್ರಾಗೇ ಮಾಡ್ತಾರೆ. ಅರ್ಧ ನೀನಾಕು, ಅರ್ಧ ನಾನಾಕ್ತೀನಿ. ಒಂದು ತಗಂಡು ಕಲ್ತ್ಕಳಾನ" ಎಂದ. ನಾನು ಹಿಂದೆ ಟೈಪಿಂಗ್ ಕಲಿತವನು. ಆ ಬೆರಳುಗಳು ಇಷ್ಟು ವರ್ಷ ಪರರ ಜೇಬಿನಲ್ಲೇ ಓಡಾಡಿದ್ದವು. ಇನ್ನಾದರೂ ಮರ್ಯಾದೆಯ ಕೆಲಸ ಮಾಡಲಿ ಎಂದು ಒಪ್ಪಿದೆ.

ಇಬ್ಬರೂ ಬಂಗಾರಪೇಟೆಯಲ್ಲಿ ರೈಲು ಹಿಡಿದು ಬೆಂಗಳೂರಿಗೆ ಹೋದೆವು. ಅಂಗಡಿಯವನು ಯಂತ್ರವನ್ನು ಮಗುವಿನಂತೆ ಎತ್ತಿ ತಂದ. ಹಿಂದೆ ಇದು ಒಬ್ಬ ಡಾಕ್ಟರಮ್ಮನ ಬಳಿ ಇತ್ತಂತೆ, ಆಕೆ ಭಾನುವಾರ ಮಾತ್ರ ಮುಟ್ಟುತ್ತಿದ್ದಳಂತೆ. ಹಳೆಯ ಸ್ಕೂಟರ್ ಮಾರುವವರೂ ಇದೇ ಡಾಕ್ಟರಮ್ಮನ ಹೆಸರು ಹೇಳುವುದನ್ನು ನಾನು ಕೇಳಿದ್ದೆ. ಆಕೆ ವಾರವೆಲ್ಲ ಏನು ಮಾಡುತ್ತಿದ್ದಳು ಎಂದು ಕೇಳಿದೆ. ಅವನು ಗುಂಡಿ ಒತ್ತಿದ. ತೆರೆ ಬೆಳಗಿತು, ಅಕ್ಷರ ಮೂಡಿತು. ಮುನಿರಾಜುವಿಗೆ ಅಷ್ಟೇ ಸಾಕಾಯಿತು. ನನಗೆ ಅಲ್ಲಿಂದಲೇ ಅನುಮಾನ ಶುರುವಾಯಿತು. ಅಷ್ಟು ಚೆನ್ನಾಗಿ ನಡೆಯುವುದನ್ನು ಯಾರಾದರೂ ಯಾಕೆ ಮಾರುತ್ತಾರೆ?

ಹದಿನೈದು ದಿನ ನಮ್ಮ ಮನೆಯಲ್ಲಿ, ಹದಿನೈದು ದಿನ ಕ್ಯಾಸಂಬಳ್ಳಿಯಲ್ಲಿ ಎಂದು ಒಪ್ಪಂದವಾಯಿತು. ನಮ್ಮದು ಕೋರಮಂಡಲ್ ಕಡೆ ಗಣಿ ಕೆಲಸದವರಿಗೆ ಸಾಲಾಗಿ ಕಟ್ಟಿದ ಲೈನು ಮನೆ. ಒಂದು ಗೋಡೆಗೆ ಎರಡು ಸಂಸಾರ. ಪಕ್ಕದವರು ಕೆಮ್ಮಿದರೆ ನಾವು ನೀರು ಕೊಡಬೇಕು ಅನ್ನಿಸುವಷ್ಟು ಹತ್ತಿರ. ಇಂಥಲ್ಲಿ ಬೆಲೆಬಾಳುವ ವಸ್ತು ಬಂದಿದೆ ಎಂದು ನಾಲ್ಕು ಜನಕ್ಕೆ ಗೊತ್ತಾಗುವುದು ಬೇಡವೆಂದು ಅದನ್ನು ಒಳಗಿನ ಕೋಣೆಗೆ ಸೇರಿಸಿದೆ. ಧೂಳು ಬರದಂತೆ ಕಿಟಕಿ ಮುಚ್ಚಿದೆ. ಗಟ್ಟಿ ಜಾಗದಲ್ಲಿಟ್ಟರೆ ಏಟು ತಗಲೀತೆಂದು ಹತ್ತಿಯ ಹಾಸಿಗೆಯ ಮೇಲೆ ಇಟ್ಟೆ. ಹಾಸಿಗೆಯ ಬಟ್ಟೆ ಒರಟಾಯಿತೆಂದು ಕೆಳಗೊಂದು ರಗ್ಗನ್ನು ಮಡಿಸಿ ಹಾಸಿದೆ. ಕೆಲಸ ಮಾಡುವಾಗಲೂ ಅದರ ಅಕ್ಕಪಕ್ಕಕ್ಕೆ ಶಾಲು ಸುತ್ತಿ, ತೆರೆ ಮತ್ತು ಗುಂಡಿಗಳಷ್ಟೇ ಕಾಣುವಂತೆ ಬಿಡುತ್ತಿದ್ದೆ. ಜಯಮ್ಮ ಬಾಗಿಲಲ್ಲಿ ನಿಂತು ನೋಡಿ, "ನನ್ನ ಬಾಣಂತನದಾಗೆ ಇಂಗೆ ನೋಡ್ಕಂಡಿದ್ರೆ ನನಗೆ ಸೊಂಟ ನೋವೇ ಬರ್ತಿರಲಿಲ್ಲ" ಎಂದಳು.

ಇಷ್ಟು ಉಪಚಾರ ಪಡೆದ ಆ ಯಂತ್ರ ಏನು ಮಾಡಿತು ಎಂದರೆ, ಅರ್ಧ ಗಂಟೆ ನಡೆದು ಕಣ್ಣು ಮುಚ್ಚಿತು. ಕರೆಂಟು ಇತ್ತು, ಬಲ್ಬು ಉರಿಯುತ್ತಿತ್ತು. ಎಷ್ಟು ಒತ್ತಿದರೂ ಏಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಏನೂ ಆಗದಂತೆ ಎದ್ದು ಕೂತಿತು. ಮತ್ತೆ ಎರಡು ಸಾಲು ಬರೆಯುವಷ್ಟರಲ್ಲಿ ಮೂರ್ಛೆ. ದಿನವೂ ಇದೇ ಪಾಡು. ಸರದಿ ಬದಲಾದ ಮೇಲೆ ಮುನಿರಾಜುವನ್ನು ವಿಚಾರಿಸಿದೆ. ಅವನು, "ಏನೂ ಇಲ್ಲ ಬಾವ. ಬೆಳಿಗ್ಗೆ ಸೊಸೈಟೀಲಿ ಆಲು ಅಳ್ದು ಬಂದು ಕುಂತ್ರೆ ಉಣ್ಣೋ ಒತ್ತಿನ ತನಕ ಓಡ್ತದೆ. ಕರೆಂಟು ಓದ್ರೆ ಮಾತ್ರ ನಿಂತ್ಕಂತದೆ" ಎಂದ.

ಒಂದೇ ಯಂತ್ರ, ಅವನ ಬಳಿ ಎತ್ತಿನಂತೆ ದುಡಿಯುತ್ತದೆ, ನನ್ನ ಬಳಿ ಮಲಗುತ್ತದೆ. ಗೇಟಿನಲ್ಲಿ ನಿಂತ ಬುದ್ಧಿಗೆ ಇದರ ಅರ್ಥ ತಿಳಿಯಲು ಹೊತ್ತು ಹಿಡಿಯಲಿಲ್ಲ. ನನಗೆ ಕೊಡುವ ಮುಂಚೆ ಅವನು ಒಳಗಿನದೇನನ್ನೋ ತೆಗೆದಿಟ್ಟುಕೊಳ್ಳುತ್ತಿದ್ದಾನೆ, ತನ್ನ ಸರದಿ ಬಂದಾಗ ಮತ್ತೆ ಜೋಡಿಸುತ್ತಾನೆ. ಏನನ್ನು ತೆಗೆಯುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ, ಒಳಗೆ ಏನಿರುತ್ತದೆ ಎಂದೇ ಗೊತ್ತಿರಲಿಲ್ಲ. ಮುಂದಿನ ಸಲ ಅವನಿಗೆ ಕೊಡುವ ಮುಂಚೆ ಜಯಮ್ಮನ ಉಗುರುಬಣ್ಣದ ಸೀಸೆ ತಂದು ಅಡಿಯ ಒಂದೊಂದು ಸ್ಕ್ರೂ ಮೇಲೂ ಒಂದೊಂದು ಚುಕ್ಕೆ ಇಟ್ಟು ಮೊಹರು ಮಾಡಿದೆ. ಯಂತ್ರ ತಿರುಗಿ ಬಂದಾಗ ಭೂತಗನ್ನಡಿ ಹಿಡಿದು ನೋಡಿದೆ. ಒಂದು ಚುಕ್ಕೆಯೂ ಬಿರುಕು ಬಿಟ್ಟಿರಲಿಲ್ಲ. ಅವನು ಅದೇ ಬಣ್ಣದ ಸೀಸೆ ಕೊಂಡುತಂದು ಮತ್ತೆ ಹಚ್ಚಿದ್ದಾನೆ ಎಂಬುದು ಖಾತ್ರಿಯಾಯಿತು. ಜಯಮ್ಮನಿಗೆ ಹೇಳಿದರೆ, "ನಮ್ಮ ಮುನಿರಾಜು ಹೆಂಡ್ತಿ ಉಗುರಿಗೆ ಸಗಣಿ ಬಿಟ್ಟು ಬೇರೆ ಬಣ್ಣ ಗೊತ್ತಿಲ್ಲ. ಸುಮ್ಕೆ ಊಟ ಮಾಡ್ರಿ" ಎಂದಳು. ತಮ್ಮನ ಪರ ಅಕ್ಕ ಮಾತಾಡುವುದು ಸಹಜವೆಂದು ಅವಳ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇದರ ನಡುವೆ ಪಕ್ಕದ ಮನೆಯ ಆರೋಗ್ಯಂ ಬಂದರು. ಗಣಿಯೊಳಗೆ ಕೆಲಸ ಮಾಡುತ್ತಿದ್ದ, ಮೆತ್ತಗೆ ಮಾತಾಡುವ ಮನುಷ್ಯ. ಅವರ ಮಗಳ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಬಂಗಾರಪೇಟೆಯವರು, ಅವರಿಗೆ ಕಾರ್ಡು ಕನ್ನಡದಲ್ಲೂ ಬೇಕು. "ಸಾರ್, ತಮಿಳು ಕಾರ್ಡು ಪ್ರೆಸ್‌ನಲ್ಲೇ ಆಗುತ್ತೆ ಸಾರ್. ಕನ್ನಡ ನೀವು ನಿಮ್ಮ ಕಂಪ್ಯೂಟರ್‌ನಲ್ಲಿ ಮಾಡಿ ಕೊಡಿ ಸಾರ್. ಒಂದೇ ಪೊಣ್ಣು ನನಗೆ" ಎಂದರು. ಗುಟ್ಟಾಗಿಟ್ಟ ಯಂತ್ರದ ವಿಷಯ ಇವರಿಗೆ ಹೇಗೆ ಗೊತ್ತಾಯಿತು ಎಂದು ಒಂದು ಕ್ಷಣ ಹುಬ್ಬು ಗಂಟಿಕ್ಕಿದರೂ ಒಪ್ಪಿಕೊಂಡೆ. ಅದು ನನ್ನ ಹೊಸ ಕಸುಬಿನ ಮೊದಲ ಕೆಲಸ.

ಆ ಕಾರ್ಡು ಮುಗಿಯಲೇ ಇಲ್ಲ. ಕನ್ನಡದ ಅಕ್ಷರ ಯಾವ ಗುಂಡಿಯಲ್ಲಿದೆ ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. 'ಪರಮ ದೇವರ ಕೃಪೆಯಿಂದ' ಎಂಬಲ್ಲಿಗೆ ಬಂದು ಯಂತ್ರ ಮಲಗುತ್ತಿತ್ತು. ಎಬ್ಬಿಸಿದರೆ ಹೆಣ್ಣಿನ ಹೆಸರಿನ ತನಕ ಬರುತ್ತಿತ್ತು, ಗಂಡಿನ ಹೆಸರು ಬರೆಯುವ ಮುಂಚೆ ಮತ್ತೆ ಮಲಗುತ್ತಿತ್ತು. ಬರೆದದ್ದನ್ನು ಆಗಾಗ ಉಳಿಸಿಕೊಳ್ಳಬೇಕೆಂಬುದು ಆಗ ನನಗೆ ತಿಳಿಯದು. ಆರೋಗ್ಯಂ ದಿನವೂ ಕೆಲಸಕ್ಕೆ ಹೋಗುವಾಗ ಬಾಗಿಲಲ್ಲಿ ನಿಂತು, "ಪರವಾಗಿಲ್ಲ ಸಾರ್, ನಾಳೆ" ಎಂದು ತಾವೇ ಸಮಾಧಾನ ಹೇಳಿ ಹೋಗುತ್ತಿದ್ದರು. ಬೈದಿದ್ದರೆ ವಾಸಿಯಾಗಿತ್ತು. ಅಷ್ಟರಲ್ಲಿ ಸರದಿ ಮುಗಿದು ಮುನಿರಾಜು ಬಂದು ಯಂತ್ರವನ್ನು ತೆಗೆದುಕೊಂಡು ಹೋದ. ಮರುದಿನ ರಜೆ ಹಾಕಿ, ಹೇಳದೆ ಕೇಳದೆ ಕ್ಯಾಸಂಬಳ್ಳಿ ಬಸ್ಸು ಹತ್ತಿದೆ. ಕಳ್ಳನನ್ನು ಮಾಲಿನ ಸಮೇತ ಹಿಡಿಯುವುದು ನನ್ನ ಯೋಜನೆ.

ಅಲ್ಲಿ ಹೋಗಿ ನೋಡಿದರೆ, ಮನೆ ಮುಂದಿನ ಜಗಲಿಯ ಬರಿ ಕಲ್ಲಿನ ಮೇಲೆ ಯಂತ್ರ ಬಾಯಿ ತೆರೆದು ಕೂತಿತ್ತು. ಬೀದಿಯ ಧೂಳು, ಗಾಳಿ ಎಲ್ಲ ಅದರ ಮೇಲೆ. ಪಕ್ಕದಲ್ಲಿ ಹಾಲಿನ ಕ್ಯಾನು, ಇನ್ನೊಂದು ಪಕ್ಕದಲ್ಲಿ ಕಡಲೆಕಾಯಿ ಸಿಪ್ಪೆಯ ಗುಡ್ಡೆ, ಅದನ್ನು ಕೆದಕುವ ಕೋಳಿ. ಮುನಿರಾಜು ಒಂದು ಕೈಯಲ್ಲಿ ಕಡಲೆಕಾಯಿ ಬಿಡಿಸುತ್ತ ಇನ್ನೊಂದು ಕೈಯಲ್ಲಿ ಗುಂಡಿ ಒತ್ತುತ್ತಿದ್ದ. "ಬಾ ಬಾವ, ಏನು ಇಂಗೆ ದಿಡೀರ್ನೆ ಬಂದ್ಬುಟ್ಟೆ? ಅಕ್ಕ ಚೆನ್ನಾಗವ್ಳಾ?" ಎಂದು ಎದ್ದ. ನಾನು ಅಕ್ಕನ ಸಮಾಚಾರ ಹೇಳದೆ, "ಬೆಳಗಿನಿಂದ ಓಡ್ತಾ ಇದೆಯಾ?" ಎಂದು ಕೇಳಿದೆ. ಹೌದೆಂದ. ನಾನು ಯಂತ್ರವನ್ನು ಮಗುಚಿ ಚುಕ್ಕೆಗಳನ್ನು ನೋಡಿದೆ. ಆಮೇಲೆ ಜಗಲಿಯ ಗೂಡು ನೋಡಿದೆ, ಹಾಲಿನ ಕ್ಯಾನಿನ ಹಿಂದೆ ಬಗ್ಗಿದೆ. ಕೊನೆಗೆ ಕೇಳಿಯೇ ಬಿಟ್ಟೆ: "ನನಗೆ ಕೊಡೋ ಮುಂಚೆ ಇದರಿಂದ ಏನು ತೆಗೀತೀಯ ಮುನಿರಾಜು?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆದಮೇಲೆ ಮುಖ ಸಣ್ಣದಾಯಿತು. ಕೈಯಲ್ಲಿದ್ದ ಕಡಲೆಕಾಯಿಯನ್ನು ಕೋಳಿಗೆ ಎಸೆದು, ನಿಧಾನವಾಗಿ ತನ್ನ ಅಂಗಿಯ ಎರಡೂ ಜೇಬನ್ನು ಹೊರಗೆಳೆದು ತೋರಿಸಿದ. "ನೋಡ್ಕಾ ಬಾವ. ನಾನೇನು ನಿನ್ನ ಗಣಿಯಾಗಿಂದ ಎದ್ದು ಬಂದಿಲ್ಲ. ಆದ್ರೂ ನೋಡ್ಕಾ" ಎಂದ. ಒಳಗಿನಿಂದ ಮಜ್ಜಿಗೆ ತಂದಿದ್ದ ಅವನ ಹೆಂಡತಿ ಲೋಟ ಹಿಡಿದು ಹೊಸಿಲಲ್ಲೇ ನಿಂತಳು. ಮುನಿರಾಜು ಯಂತ್ರವನ್ನು ಮುಚ್ಚಿ, ವೈರು ಸುತ್ತಿ, ಚೀಲಕ್ಕೆ ಹಾಕಿ ನನ್ನ ಕೈಗಿಟ್ಟ. "ನೀನೇ ಮಡಿಕ್ಕ. ನನಗೆ ಪಾಲೂ ಬ್ಯಾಡ, ಏನೂ ಬ್ಯಾಡ. ಅಕ್ಕನ್ನ ಕೇಳ್ದೆ ಅಂತ ಏಳು." ಮಜ್ಜಿಗೆ ಕುಡಿಯದೆ ಬಸ್ಸು ಹತ್ತಿದೆ.

ಮನೆಯಲ್ಲಿ ನಡೆದದ್ದನ್ನು ಹೇಳಿದೆ. ಜಯಮ್ಮ ಬೈಯಲಿಲ್ಲ. ತಟ್ಟೆ ಇಟ್ಟಳು, ಮುದ್ದೆ ಹಾಕಿದಳು, ಸಾರು ಬಿಟ್ಟಳು, ಎದ್ದು ಹೋದಳು. ಇನ್ನು ಯಂತ್ರ ಪೂರ್ತಿ ನನ್ನದು, ಮುಟ್ಟುವವರಿಲ್ಲ ಎಂದು ಶಾಲು ಹೊದಿಸಿ ಕಾರ್ಡಿಗೆ ಕೂತೆ. ಹೆಣ್ಣಿನ ಹೆಸರಿನವರೆಗೆ ಬಂದು ಅದು ಎಂದಿನಂತೆ ಮಲಗಿತು. ಈಗ ಅನುಮಾನಿಸಲು ಮುನಿರಾಜು ಇರಲಿಲ್ಲ. ನಾನು ತಲೆ ಎತ್ತಿ, ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತ ಕೂತ ಜಯಮ್ಮನನ್ನು ಒಂದು ನೋಟ ನೋಡಿದೆ. ನೋಡಿದ್ದಷ್ಟೆ. ಅವಳು ಮೊರ ಕೆಳಗಿಟ್ಟು ಹತ್ತಿರ ಬಂದಳು. "ತುರುಬು ಬಿಚ್ಲಾ? ಅದ್ರಾಗೇನಾದ್ರೂ ಐತಾ ನೋಡ್ತೀರಾ?" ಎಂದಳು. ನಾನು ತೆರೆಯ ಕಡೆಗೆ ತಿರುಗಿಕೊಂಡೆ. ಗೇಟಿನ ಕೆಲಸದಲ್ಲಿ ಯಾವತ್ತೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಮರುದಿನ ಒಳ್ಳೆಯ ಬಿಸಿಲು. ಜಯಮ್ಮ ಹಾಸಿಗೆಗಳನ್ನೆಲ್ಲ ಒಣಹಾಕಲು ಶುರುಮಾಡಿದಳು. ನಾನು ಯಂತ್ರದ ಮುಂದೆ ಕೂತಿದ್ದೆ. "ಏಳ್ರಿ" ಎಂದು ಯಂತ್ರವನ್ನು ಎತ್ತಿ, ಸಿಮೆಂಟಿನ ಬರಿ ನೆಲದ ಮೇಲೆ ಇಟ್ಟು, ಹಾಸಿಗೆ, ರಗ್ಗು, ಶಾಲು ಎಲ್ಲ ಎಳೆದುಕೊಂಡು ಹೋದಳು. ಹೋಗುವಾಗ ಕಿಟಕಿಯನ್ನೂ ತೆರೆದಳು. ಜಗಳಕ್ಕೆ ಬಾಯಿಲ್ಲದ ನಾನು ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಬರೆಯುತ್ತಾ ಹೋದೆ. ಹೆಣ್ಣಿನ ಹೆಸರು ಬಂತು. ಗಂಡಿನ ಹೆಸರು ಬಂತು. ಇಬ್ಬರ ಅಪ್ಪ ಅಮ್ಮ, ಚರ್ಚು, ಊಟದ ಜಾಗ, 'ಉಡುಗೊರೆ ಬೇಡ, ಆಶೀರ್ವಾದವಿರಲಿ' ಎಂಬಲ್ಲಿಯವರೆಗೆ ಬಂದರೂ ಅದು ಮಲಗಲಿಲ್ಲ. ಎತ್ತಿ ನೋಡಿದೆ. ಅಡಿಯಲ್ಲಿ ಜಾಲರಿಯಂಥ ಕಿಂಡಿ, ಅದರಿಂದ ಬಿಸಿ ಗಾಳಿ ಬುಸುಬುಸು ಬರುತ್ತಿತ್ತು. ಇಷ್ಟು ದಿನ ಅದರ ಉಸಿರಿನ ದಾರಿಗೆ ನಾನು ಹಾಸಿಗೆ ಒತ್ತಿ ಹಿಡಿದು, ಮೇಲೆ ಶಾಲು ಹೊದಿಸಿ, ಕಾವು ತಡೆಯದೆ ಅದು ಕಣ್ಣು ಮುಚ್ಚಿದರೆ ಕ್ಯಾಸಂಬಳ್ಳಿಯಲ್ಲಿ ಕಳ್ಳನನ್ನು ಹುಡುಕುತ್ತಿದ್ದೆ. ಸ್ಕ್ರೂಗಳಿಗೆ ಚುಕ್ಕೆ ಇಡುವಾಗ ಈ ಕಿಂಡಿ ನನ್ನ ಮೂಗಿನ ಕೆಳಗೇ ಇತ್ತು.

ಕಾರ್ಡು ತುಂಬಿದ ಫ್ಲಾಪಿಯನ್ನು ಆರೋಗ್ಯಂ ಕೈಗೆ ಕೊಟ್ಟೆ. ಕಾರ್ಡು ಅಚ್ಚಾಗಿ ಬಂದ ದಿನ ಅವರು ಮೊದಲನೆಯದನ್ನು ನಮಗೇ ತಂದುಕೊಟ್ಟರು. ಅದಕ್ಕೂ ಮುಂಚೆ ನಾನೂ ಜಯಮ್ಮನೂ ಕ್ಯಾಸಂಬಳ್ಳಿಗೆ ಹೋಗಿ ಬಂದಿದ್ದೆವು. ದಾರಿಯುದ್ದಕ್ಕೂ ನಾನು ವೋಲ್ಟೇಜಿನ ಮೇಲೆ ತಪ್ಪು ಹಾಕುವ ಒಂದು ಗೌರವದ ಮಾತನ್ನು ಸಿದ್ಧ ಮಾಡಿಕೊಳ್ಳುತ್ತಿದ್ದೆ. ಜಗಲಿ ಹತ್ತುತ್ತಲೇ ಜಯಮ್ಮ, "ಆಸಿಗೆ ಮ್ಯಾಲೆ ಮಲಗಿಸಿ ಶಾಲು ಒದ್ಸಿದ್ರು ಕಣ್ಲಾ, ಉಸ್ರು ಕಟ್ಟಿ ಬೀಳ್ತಿತ್ತು. ಅಷ್ಟೇ" ಎಂದುಬಿಟ್ಟಳು. ಮುನಿರಾಜು ನಗಲಿಲ್ಲ. ನಾನು, "ನಂದೇ ತಪ್ಪು ಕಣಯ್ಯ" ಎಂದೆ. ಅವನು ಹಸುವಿಗೆ ಒಂದು ಹಿಡಿ ಹುಲ್ಲು ಹಾಕಿ ಬಂದು ಕೂತ. ಆಮೇಲೆ ಒಳಗೆ ತಿರುಗಿ, "ಬಾವಂಗೆ ಮಜ್ಜಿಗೆ ತಾ" ಎಂದ. ಲೋಟ ನನ್ನ ಕೈಗೆ ಬಂದ ಮೇಲೆ ಅವನ ಭುಜ ಅಲುಗತೊಡಗಿತು. ನಗು ತಡೆಯಲಾಗದೆ ಎದ್ದು ಕೊಟ್ಟಿಗೆಗೆ ಹೋದ. ಅಲ್ಲಿಂದ ಬಹಳ ಹೊತ್ತು ಹೊರಗೆ ಬರಲಿಲ್ಲ.

ಆಮೇಲೆ ಆ ಯಂತ್ರ ಎರಡು ಮನೆಯಲ್ಲೂ ಚೆನ್ನಾಗಿ ದುಡಿಯಿತು. ಕೆಲಸ ಹೆಚ್ಚಿ, ಬಂಗಾರಪೇಟೆಯಲ್ಲಿ ಒಂದು ಸಣ್ಣ ಅಂಗಡಿ ಹಿಡಿದು, ಪ್ರಿಂಟರಿನ ಜೊತೆ ದೊಡ್ಡ ಕಂಪ್ಯೂಟರ್ ಇಡೋಣವೆಂದು ಲ್ಯಾಪ್‌ಟಾಪನ್ನು ಮಾರಲು ಹೊರಟೆವು. ಒಬ್ಬ ಮೇಷ್ಟ್ರು ನಮ್ಮ ಮನೆಗೆ ನೋಡಲು ಬಂದರು, ಮುನಿರಾಜುವೂ ಇದ್ದ. ಅವತ್ತು ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ದಿನವಿಡೀ ಓಡುತ್ತದೆ, ರಿಪೇರಿ ಎಂಬುದು ಬಂದೇ ಇಲ್ಲ, ಮೆತ್ತನೆಯ ಜಾಗದಲ್ಲಿ ಮಾತ್ರ ಇಡಬೇಡಿ ಎಂದೆ. ಹೇಳುತ್ತಾ ಹೋದಂತೆ ಅವರ ಕಣ್ಣು ಕಿರಿದಾಗುತ್ತಾ ಹೋಯಿತು. "ಇಷ್ಟು ಒಳ್ಳೇದಿದ್ರೆ ನೀವ್ಯಾಕ್ರೀ ಮಾರ್ತೀರಿ?" ಎಂದರು. ಅಂಗಡಿ, ಪ್ರಿಂಟರು ಎಲ್ಲ ವಿವರಿಸಿದೆ. ಅವರು ತಲೆದೂಗಿದರು, ಯೋಚಿಸಿ ಹೇಳುತ್ತೇನೆ ಎಂದರು, ಹೊರಟೇಹೋದರು. ಕಳಿಸಿ ಬರಲು ಮುನಿರಾಜು ಬೀದಿಯ ತಿರುವಿನ ತನಕ ಹೋದ. ಅಲ್ಲಿ ಇಬ್ಬರೂ ನಿಂತು ಮಾತಾಡಿದರು. ಮೇಷ್ಟ್ರು ನಕ್ಕು ಅವನ ಬೆನ್ನು ತಟ್ಟಿದರು. ಯಂತ್ರ ಕೊಳ್ಳದ ಮನುಷ್ಯ ಬೆನ್ನು ಯಾಕೆ ತಟ್ಟಬೇಕು ಎಂದು ನಾನು ಕಿಟಕಿಯ ಸರಳು ಹಿಡಿದು ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಹಿಂದಿನಿಂದ ಜಯಮ್ಮ, "ಊಟಕ್ಕೆ ಬತ್ತೀರಾ, ಅಲ್ಲೇ ತಂದ್ಕೊಡ್ಲಾ?" ಎಂದು ಕೇಳಿದಳು.