ಪರದೆಯಂಚಿನ ಚುಕ್ಕಿಗಳು

ಪಾಲು ಮಾಡುವುದರಲ್ಲಿ ನಾನು ಗಟ್ಟಿಗನೆಂದೇ ತಿಳಿದಿದ್ದೆ. ನಮ್ಮ ಕಬ್ಬಿನ ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಕೆಯಾದಾಗ ಹಗ್ಗ ಹಿಡಿದು ಬದು ತೋರಿಸಿದವನೇ ನಾನು. ಅಂಥವನು ಒಂದು ಕಂಪ್ಯೂಟರ್ ಪರದೆಯನ್ನು ಪಾಲು ಮಾಡಲಾರದೆ ವರ್ಷಗಟ್ಟಲೆ ಒದ್ದಾಡಿದೆ. ಅಥಣಿ ಹತ್ತಿರ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ನನ್ನ ಕೆಲಸ. ಅಲ್ಲಿನ ನಾಲ್ಕು ಕೋಣೆಗಳ ತಂಪು ಎಷ್ಟೆಂಬುದು ಕಪ್ಪು ಪರದೆಯ ನಾಲ್ಕು ಖಾನೆಗಳಲ್ಲಿ ಓಡುತ್ತಿರುತ್ತದೆ. ಹಾಗೆ ಖಾನೆ ಮಾಡಿಕೊಡುವ ತಂತ್ರಾಂಶದ ಹೆಸರು ಟೀಮಕ್ಸ್. ಕಂಟ್ರೋಲ್ ಜೊತೆ ಬಿ ಒತ್ತಿ, ಆಮೇಲೆ ಶೇಕಡಾ ಚಿಹ್ನೆ ಒತ್ತಿದರೆ ನಡುವೆ ಗೋಡೆ ಎದ್ದು ಎಡ-ಬಲ ಪಾಲಾಗುತ್ತದೆ. ಉದ್ಧರಣ ಚಿಹ್ನೆ ಒತ್ತಿದರೆ ಮೇಲೆ-ಕೆಳಗೆ. ನಾನು ಸದಾ ಒಂದರ ಬದಲು ಇನ್ನೊಂದನ್ನು ಒತ್ತಿ, ಖಾನೆಗಳನ್ನು ತಾಟಿನಂಚಿನ ಉಪ್ಪಿನಕಾಯಿಯಷ್ಟು ಮಾಡಿಬಿಡುತ್ತಿದ್ದೆ.

ಆಗ ಗೋಡೆಗಳು ತಾವೇ ಸರಿಯುತ್ತಿದ್ದವು. ಸರಿಸುತ್ತಿದ್ದವರು ನನಗಿಂತ ಮೊದಲು ಇಲ್ಲಿ ಕೆಲಸಕ್ಕಿದ್ದ ಭರಮಣ್ಣ. ಈ ಪರದೆಯನ್ನು ಹೊಂದಿಸಿಕೊಟ್ಟು ನಿವೃತ್ತರಾದ ಮೇಲೂ, ಕೊಗನೊಳ್ಳಿಯ ಮನೆಯಲ್ಲಿ ಪುಟ್ಟ ಲ್ಯಾಪ್‌ಟಾಪಿನಲ್ಲಿ ಇಂಟರ್‌ನೆಟ್ ಮೂಲಕ ಅದನ್ನೇ ನೋಡುತ್ತ, ಅಲ್ಲಿಂದಲೇ ತಿದ್ದುತ್ತ ಕೂತಿರುತ್ತಿದ್ದರು. ಹಿಂದೆಯೇ ಫೋನು: "ಏ ತಮ್ಮಾ, ದ್ರಾಕ್ಷಿ ಕಾಯಾಕತ್ತಿಯೋ, ಇರುವಿಗೆ ಮನಿ ಕಟ್ಟಾಕತ್ತಿಯೋ?"

ಶ್ರಾವಣದಲ್ಲಿ ಭರಮಣ್ಣ ತೀರಿಕೊಂಡರು. ದಸರೆಗೆ ನಮ್ಮಲ್ಲಿ ದೊಡ್ಡ ಪರದೆ ಬಂತು. ಆದರೆ ಖಾನೆಗಳು ಮೊದಲಿನಂತೆಯೇ ಒಂದು ಮೂಲೆಯಲ್ಲಿ ಮುದುಡಿ ಕೂತವು. ಉಳಿದ ಜಾಗವೆಲ್ಲ ಬರೀ ಚುಕ್ಕಿ. ಎರಡು ದಿನ ತಡಕಾಡಿದ ಮೇಲೆ ತಿಳಿಯಿತು. ಅವೇ ಖಾನೆಗಳನ್ನು ಇಬ್ಬರು ಬೇರೆಬೇರೆ ಪರದೆಯಲ್ಲಿ ನೋಡುತ್ತಿದ್ದರೆ, ನಮ್ಮ ಹಳೆಯ ಟೀಮಕ್ಸ್ ಇಬ್ಬರಿಗೂ ಚಿಕ್ಕ ಪರದೆಯ ಅಳತೆಯನ್ನೇ ಕೊಡುತ್ತದೆ. ಅಂದರೆ ಕೊಗನೊಳ್ಳಿಯ ಲ್ಯಾಪ್‌ಟಾಪ್ ಇನ್ನೂ ನೋಡುತ್ತಲೇ ಇತ್ತು! ಕರೆಂಟು ಹೋಗಿ ಬಂದರೂ ತಾನಾಗಿ ಬಂದು ಕೂಡುವಂತೆ ಅವರು ಮಾಡಿಟ್ಟಿದ್ದರು. ಇಲ್ಲಿಂದಲೇ ಅದನ್ನು ಹೊರಹಾಕಬಹುದಿತ್ತು, ಕೈ ಬರಲಿಲ್ಲ. ಹೇಳಿಯೇ ಬಂದ್ ಮಾಡಿಸೋಣವೆಂದು ಅವರ ಮನೆಗೆ ಹೋದೆ.

ಭರಮಣ್ಣನವರ ಹೆಂಡತಿ ಚಹಾ ಕೊಟ್ಟು ಲ್ಯಾಪ್‌ಟಾಪಿನ ಕಡೆ ನೋಡಿದರು. "ದಿನಾ ಮುಂಜಾನೆ ಒರಸಿ ಇಡತೀನ್ರಿ. ಅಂಕಿ ಓಡತಿದ್ರ, ಅವರು ಈಗರ ಇಲ್ಲಿಂದ ಎದ್ದು ಹೊರಗ ಹೋಗ್ಯಾರ ಅನಸತೈತಿ. ಇದರಿಂದ ನಿಮಗೇನರ ತ್ರಾಸ ಐತೇನ್ರಿ?"

"ಏನಿಲ್ರಿ ವೈನಿ," ಎಂದು ಚಹಾ ಕುಡಿದು ಬಂದೆ.

ಮರುದಿನ ಮ್ಯಾನೇಜರು ಕೇಳಿದರು: "ಇಷ್ಟ ದೊಡ್ಡ ಪರದೆ ತಂದ್ರೂ ಅಂಕಿ ಯಾಕ ಮೂಲ್ಯಾಗ ಕುಂತಾವ?"

"ನನಗ ಇದು ತಿಳಿಯಂಗಿಲ್ರಿ ಸಾಹೇಬರ."

ಟೀಮಕ್ಸ್‌ನಲ್ಲಿ ನನಗೆ ಪೂರ್ತಿ ತಿಳಿದಿದ್ದ ಸಂಗತಿ ಅದೊಂದೇ. ಸಾಹೇಬರು ಮಾತ್ರ ಮರುಪ್ರಶ್ನೆಯಿಲ್ಲದೆ ಎಷ್ಟು ಸಲೀಸಾಗಿ ನಂಬಿ ಎದ್ದುಹೋದರೆಂದರೆ, ಇಷ್ಟು ವರ್ಷ ನನ್ನನ್ನು ಏನೆಂದುಕೊಂಡಿದ್ದರೋ ಎಂದು ಈಗಲೂ ಒಳಗೊಳಗೇ ಚುಚ್ಚುತ್ತದೆ.