ಬೀಗರ ಊಟಕ್ಕೆ ನಾನು ಮಂಜೂರು ಮಾಡಿದ ರಜೆ

ಗೆಜ್ಜಲಗೆರೆಯ ನಮ್ಮ ರಟ್ಟಿನ ಪೆಟ್ಟಿಗೆ ಕಾರ್ಖಾನೆಗೆ ಹೊಸ ಸಾಫ್ಟ್‌ವೇರ್ ಬಂದಾಗ ಅದರ ಮುಂದೆ ಚಪ್ಪಲಿ ಬಿಟ್ಟು ಕೂತವನು ನಾನೊಬ್ಬನೇ. ಸರಕು, ಸಂಬಳ, ಹಾಜರಿ, ರಜೆ ಎಲ್ಲವನ್ನೂ ಅದೊಂದೇ ನೋಡಿಕೊಳ್ಳುತ್ತಿತ್ತು. ಅಷ್ಟು ದೊಡ್ಡ ಸಂಸಾರವನ್ನು ಒಂದು ಪರದೆಯೊಳಗೆ ತೂಗಿಸುವುದೆಂದರೆ ಸಾಮಾನ್ಯವೇ! ಆಫೀಸಿನಿಂದ ಟ್ರೈನಿಂಗಿಗೆ ಹೋದವನು ನಾನಾದ್ದರಿಂದ ಅಡ್ಮಿನ್ ಪಾಸ್‌ವರ್ಡೂ ನನ್ನ ಬಳಿಯೇ ಇತ್ತು. ಟ್ರೈನಿಂಗಿನಲ್ಲಿ ನನಗೆ ಪೂರ್ತಿ ದಕ್ಕಿದ್ದು ಮಧ್ಯಾಹ್ನದ ಊಟ.

ಆಗಲೇ ಭಾಮೈದನ ಮದುವೆ ಬಂತು. ಬುಧವಾರ ಚಿಕ್ಕರಸಿನಕೆರೆಯ ಮಾವನ ಮನೆಯಲ್ಲಿ ಬೀಗರ ಊಟ. ಹಿರೀ ಅಳಿಯನಾದ ನಾನು ಸಾರಿನ ಬಕೆಟ್ ಹಿಡಿದು ಪಂಕ್ತಿಯಲ್ಲಿ ಓಡಾಡಲೇಬೇಕು.

"ಗೃಹಪ್ರವೇಶದಲ್ಲೂ ಡ್ಯೂಟಿ ಅಂದ್ರಿ. ಈ ಸಲವೂ ಬರ್ನಿಲ್ಲ ಅಂದ್ರೆ ನಮ್ಮಪ್ಪ ನಿಮ್ನ ಅಳಿಯ ಅಂತ್ಲೇ ಲೆಕ್ಕಕ್ಕೆ ಇಡಾಕಿಲ್ಲ ಕಣ್ರೀ," ಎಂದಳು ಹೆಂಡತಿ ಜಯಲಕ್ಷ್ಮಿ.

"ಪಾಸ್‌ವರ್ಡ್ ಯಾರ ಹತ್ರ ಇದೆ ಗೊತ್ತಾ?" ಎಂದೆ.

ಕಾರ್ಖಾನೆಯವರನ್ನೆಲ್ಲ ಊಟಕ್ಕೆ ಕರೆದೆ. ಧೈರ್ಯವಾಗಿಯೇ ಕರೆದೆ. ಏಕೆಂದರೆ ಹಳೇ ಮ್ಯಾನೇಜರ್ ಕೆಲಸ ಬಿಟ್ಟು ಹೋದಾಗಿನಿಂದ ಯಾರಿಗೂ ರಜೆ ಸಿಗುತ್ತಿರಲಿಲ್ಲ. ಅರ್ಜಿ ಹಾಕಿದರೆ 'ಮಂಜೂರು ಮಾಡುವವರು ಕಾಣುತ್ತಿಲ್ಲ' ಎಂದು ಕೆಂಪು ಅಕ್ಷರ ಬರುತ್ತಿತ್ತು.

"ಸಾಫ್ಟ್‌ವೇರ್ ಕಂಪ್ನಿಯೋರ್ನ ಕರ್ಸಾನಾ?" ಎಂದ ಪಕ್ಕದ ಟೇಬಲ್ಲಿನ ಸಿದ್ದರಾಜು.

"ಬುಡ್ಲಾ, ಇದಕ್ಕೆಲ್ಲ ಅವರ್ಯಾಕೆ!"

ಸೆಟ್ಟಿಂಗ್ಸ್ ತೆರೆದೆ. ಹಳೇ ಮ್ಯಾನೇಜರ ಜಾಗ ಖಾಲಿ ಇತ್ತು. ಅಲ್ಲಿ ನನ್ನ ಹೆಸರು ಹಾಕಿದೆ. ಕೆಂಪು ಅಕ್ಷರ ಮಾಯ! ಮೈ ಜುಂ ಎಂದಿತು. ಇಡೀ ಕಾರ್ಖಾನೆ ಒಂದು ಹೆಸರಿಗೆ ತಲೆಬಾಗಿತ್ತು, ಆ ಹೆಸರು ನನ್ನದು! ಕೂಡಲೇ ನನ್ನ ರಜೆಗೆ ಅರ್ಜಿ ಹಾಕಿದೆ. 'ತಮ್ಮ ರಜೆಯನ್ನು ತಾವೇ ಮಂಜೂರು ಮಾಡುವಂತಿಲ್ಲ' ಎಂದಿತು.

ಎಂಥ ನ್ಯಾಯವಂತ ಯಂತ್ರ! ಸಿಟ್ಟಿಗಿಂತ ಗೌರವವೇ ಹೆಚ್ಚಾಯಿತು. ಇನ್ನಷ್ಟು ಕೆಳಗೆ ಹುಡುಕಿದಾಗ 'ಅರ್ಜಿಗಳು ತಾವಾಗಿಯೇ ಮಂಜೂರಾಗಲಿ' ಎಂಬ ಪುಟ್ಟ ಚೌಕ ಕಂಡಿತು. ಟಿಕ್ ಒತ್ತಿದೆ.

ಕಾರ್ಖಾನೆಯಲ್ಲಿದ್ದ ಮೊಬೈಲುಗಳೆಲ್ಲ ಒಟ್ಟಿಗೆ ಟಣ್ ಎಂದವು.

"ಬಂತು ಕಣ್ಲಾ ರಜಾ! ನಾಳಿಕ್ಕೇ ಬೀಗ್ರ ಊಟ!" ಎಂದು ಸಿದ್ದರಾಜು ಕುರ್ಚಿಯಿಂದ ಎದ್ದೇಬಿಟ್ಟ. ಅರ್ಜಿ ಹಾಕದಿದ್ದವರೂ ಹಾಕಿದರು. ಅವರಿಗೂ ಬಂತು. ನನಗೆ ಬರಲಿಲ್ಲ. ಮತ್ತೆ ಕಣ್ಣಾಡಿಸಿದೆ. ಆ ಚೌಕ ನನ್ನ ಕೆಳಗಿದ್ದವರಿಗೆ ಮಾತ್ರವಂತೆ. ನಾನು ನನ್ನ ಕೆಳಗಿರಲಿಲ್ಲ!

ರದ್ದು ಮಾಡಲು ಹೋದೆ. ಕೊಟ್ಟ ರಜೆಯನ್ನು ಹಿಂಪಡೆಯಲು ರಜೆ ಪಡೆದವರೇ ಒಪ್ಪಬೇಕು ಎಂದಿತು.

ಬುಧವಾರ ಬೆಳಿಗ್ಗೆ ಓನರ್ ಫೋನ್ ಮಾಡಿದರು. "ರಜಾ ಇಲ್ದೋನು ನೀನೊಬ್ನೇ ಕಣಯ್ಯ. ಅಲ್ಲಿಂದ ಅಲ್ಲಾಡಿದ್ರೆ ನೋಡು. ನಾನೇ ಹೋಗಿ ಎಲ್ರನ್ನೂ ಎಳ್ಕೊಂಡು ಬರ್ತೀನಿ!"

ಹಾಗಾಗಿ ಕಾರ್ಖಾನೆಯಲ್ಲಿ ನಾನೊಬ್ಬನೇ. ಸದಾ ಧಡಧಡ ಎನ್ನುತ್ತಿದ್ದ ಯಂತ್ರಗಳೆಲ್ಲ ಗಪ್‌ಚಿಪ್. ಗೇಟಿನಲ್ಲಿ ವಾಚ್‌ಮನ್ನೂ ಇಲ್ಲ. ಒಂದು ಟಿಕ್ಕಿಗೆ ಇಷ್ಟು ಶಕ್ತಿಯೇ ಎಂದು ಬಾಯಿ ಬಿಟ್ಟುಕೊಂಡು ನಿಂತೆ.

ಮಧ್ಯಾಹ್ನ ಜಯಲಕ್ಷ್ಮಿಯ ಫೋನು.

"ನಿಮ್ ಫ್ಯಾಕ್ಟ್ರಿಯೋರೆಲ್ಲ ಬಂದು ಕೂತವ್ರೆ, ನೀವೆಲ್ರೀ? ಸಿದ್ದರಾಜು ಅಣ್ಣನೇ ಬಕೆಟ್ ಇಡ್ಕಂಡು ಸಾರು ಬಡಿಸ್ತಾವ್ರೆ. ಅಳಿಯ ಅಂದ್ರೆ ಇಂಗಿರ್ಬೇಕು ಅಂತ ನಮ್ಮಪ್ಪ ಅವ್ರ ಬೆನ್ನು ತಟ್ತು!"

"ಓನರ್ ಬಂದ್ರಾ?"

"ಎಗರಾಡ್ಕಂಡೇ ಬಂದ್ರು. ನಮ್ಮವ್ವ ಎಲೆ ಮುಂದೆ ಕೂರ್ಸ್ತು. ಈಗ ಎರಡ್ನೇ ಮುದ್ದೆ ಮುರೀತಾವ್ರೆ."

"ನನಗೊಂದು ಕ್ಯಾರಿಯರ್..."

"ಚಾಪ್ಸು, ಬೋಟಿ ಎಲ್ಲಾ ಖಾಲಿ. ಕ್ಯಾಂಟೀನಲ್ಲಿ ಉಣ್ಣಿ."

"ಕ್ಯಾಂಟೀನ್ ಪುಟ್ಟಸ್ವಾಮಿಯೂ ಅಲ್ಲೇ ಇರ್ಬೇಕಲ್ಲೇ!"

"ಊಂ, ಓನರ್ ಪಕ್ಕದಲ್ಲೇ ಕೂತವ್ರೆ," ಎಂದು ಫೋನಿಟ್ಟಳು.

ಕೊನೆಯ ಆಸೆಯಿಂದ ನನ್ನ ಅರ್ಜಿ ತೆರೆದೆ. 'ತಮ್ಮ ರಜೆ ಪರಿಶೀಲನೆಯಲ್ಲಿದೆ. ತುರ್ತಾಗಿದ್ದರೆ ಮಂಜೂರು ಮಾಡುವವರನ್ನು ಸಂಪರ್ಕಿಸಿ' ಎಂದು ಒಂದು ಮೊಬೈಲ್ ನಂಬರ್ ಕೊಟ್ಟಿತ್ತು. ಕಷ್ಟಕಾಲದಲ್ಲೂ ಎಂಥ ಕಾಳಜಿ! ಹಸಿವಿನಲ್ಲಿ ಯಾರ ನಂಬರೆಂದೂ ನೋಡದೆ ಫೋನ್ ಮಾಡಿದೆ.

ಬಿಜಿ ಬಂತು. ನನ್ನದೇ ನಂಬರ್.